ಬಣ್ಣ ಹಚ್ಚಿದವರಿಗೆ ಅನ್ನ ಹಾಕಿದವರು

ನಟನಟಿಯರ ಬಗ್ಗೆ ಬರುವ ಪರಿಚಯ ಲೇಖನಗಳು ಹೆಚ್ಚುಕಡಿಮೆ ಒಂದೇ ಜಾಡು ಹಿಡಿದು ಸಾಗುತ್ತವೆ. ಹುಟ್ಟಿದ ಊರು, ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಕಿದ ಮೊದಲ ವೇಷ, ಯಾರೋ ಹಿರಿಯರ ಕಣ್ಣಿಗೆ ಬಿದ್ದ ಗಳಿಗೆ, ಮೊದಲ ಚಿತ್ರ, ಆಮೇಲೆ ಪ್ರಶಸ್ತಿಗಳ ಪಟ್ಟಿ. ಇವನ್ನು ಓದುವಾಗ ನಾನು ಹುಡುಕುವ ಒಂದು ಸಂಗತಿ ಮಾತ್ರ ಅಪರೂಪಕ್ಕೆ ಸಿಗುತ್ತದೆ: ಹೆಸರೂ ಇಲ್ಲದ, ಸಂಭಾವನೆಯೂ ಇಲ್ಲದ ಕಲಿಕೆಯ ವರ್ಷಗಳಲ್ಲಿ ಆ ಮನುಷ್ಯನ ಎರಡು ಹೊತ್ತಿನ ಊಟ ಎಲ್ಲಿಂದ ಬರುತ್ತಿತ್ತು? ನಟನೆಯನ್ನು ಪುಸ್ತಕ ಓದಿ ಕಲಿಯಲಾಗುವುದಿಲ್ಲ. ದೇಹ, ದನಿ, ಸಹನಟರು, ಪ್ರೇಕ್ಷಕರು ಇಷ್ಟೂ ಒಟ್ಟಿಗೆ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಸಮಯ ಬೇಕು. ಆ ಸಮಯದ ಖರ್ಚನ್ನು ಯಾರಾದರೂ ಹೊರಲೇಬೇಕು. ಕಳೆದ ನೂರು ವರ್ಷಗಳಲ್ಲಿ ಕನ್ನಡದಲ್ಲಿ ಆ ಖರ್ಚನ್ನು ಹೊತ್ತವರು ಬದಲಾಗುತ್ತ ಬಂದಿದ್ದಾರೆ, ಹಾಗೆ ಬದಲಾದಾಗಲೆಲ್ಲ ನಟನೆಯ ರೀತಿಯೂ ಬದಲಾಗಿದೆ ಎಂಬುದು ನನ್ನ ಅಂದಾಜು.

ಮೊದಲು ಹೊತ್ತದ್ದು ನಾಟಕ ಕಂಪನಿ. 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ ವೀರಣ್ಣನವರು ಸೇರಿದ್ದು ಬಾಲಕನಾಗಿ. ಮುಂದೆ ಅದರ ಒಡೆಯರಾಗಿ ಅದನ್ನು ನೂರಾರು ಜನರ ಸಂಸಾರವನ್ನಾಗಿ ಬೆಳೆಸಿದರು. ಅವರು ಕುರುಕ್ಷೇತ್ರ ನಾಟಕದಲ್ಲಿ ರಂಗಕ್ಕೆ ನಿಜವಾದ ಆನೆ ಕುದುರೆಗಳನ್ನು ತಂದದ್ದನ್ನು ಎಲ್ಲರೂ ಹೇಳುತ್ತಾರೆ. ನನಗೆ ಆನೆಗಿಂತ ಆ ಕಂಪನಿಯ ಅಡುಗೆಮನೆಯೇ ದೊಡ್ಡದಾಗಿ ಕಾಣುತ್ತದೆ. ಕ್ಯಾಂಪು ಎಲ್ಲಿ ಬಿದ್ದರೂ ಅಲ್ಲೊಂದು ಒಲೆ ಹೊತ್ತಬೇಕು. ರಾಜನ ಪಾರ್ಟು ಮಾಡುವವನಿಂದ ಹಿಡಿದು ಪರದೆ ಎಳೆಯುವವನ ತನಕ ಎಲ್ಲರಿಗೂ ಅಲ್ಲೇ ಊಟವಾಗಬೇಕು. ಹೊಟ್ಟೆಗೆ ಗತಿಯಿಲ್ಲದ ಮನೆಯ ಹುಡುಗನನ್ನು ತಂದೆಯೋ ಸೋದರಮಾವನೋ ಕರೆತಂದು ಕಂಪನಿಗೆ ಬಿಟ್ಟು ಹೋಗುತ್ತಿದ್ದುದಕ್ಕೆ ಕಾರಣ ಕಲೆಯ ಮೇಲಿನ ಮೋಹವೊಂದೇ ಆಗಿರಲಿಲ್ಲ.

ಹಾಗೆ ಬಂದ ಹುಡುಗನ ಕಲಿಕೆಗೆ ಪಠ್ಯಕ್ರಮವೇನೂ ಇರಲಿಲ್ಲ. ಹಿರಿಯ ನಟರ ಬಟ್ಟೆ ಒಗೆಯುವುದು, ನೀರು ಹೊರುವುದು, ಕಾಲು ಒತ್ತುವುದು, ಬಣ್ಣದ ಪೆಟ್ಟಿಗೆ ಜೋಡಿಸಿಡುವುದು, ನಾಟಕದ ವೇಳೆ ಸೈಡ್‌ವಿಂಗಿನಲ್ಲಿ ನಿಂತು ನೋಡುವುದು. ಬಾಲಪ್ರಹ್ಲಾದನೋ ಲೋಹಿತಾಶ್ವನೋ ಬೇಕಾದಾಗ ಅವನನ್ನು ಮುಂದೆ ತಳ್ಳುತ್ತಿದ್ದರು. ಮೈಕು ಇಲ್ಲದ ಕಾಲ. ಕಡೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಮಾತು ಮುಟ್ಟಬೇಕು. ಹಾರ್ಮೋನಿಯಂ ಮೇಷ್ಟರು ಕಾಲಿನಿಂದ ತಿದಿ ಒತ್ತುತ್ತ ಶ್ರುತಿ ಕೊಟ್ಟರೆ ಹುಡುಗ ಕಂದಪದ್ಯವನ್ನು ಆ ಎತ್ತರದಲ್ಲೇ ಎತ್ತಿಕೊಳ್ಳಬೇಕು, ದನಿ ಒಡೆಯುವ ವಯಸ್ಸು ಬಂದರೆ ಅವನ ಪಾರ್ಟು ಹೋಯಿತು. ಆಮೇಲೆ ದನಿ ಕುದುರುವ ತನಕ ಮತ್ತೆ ಪೆಟ್ಟಿಗೆ ಹೊರಬೇಕು. ಆದರೆ ಆ ಅವಧಿಯಲ್ಲಿ ಅವನನ್ನು ಮನೆಗೆ ಕಳಿಸುತ್ತಿರಲಿಲ್ಲ, ಊಟವೂ ತಪ್ಪುತ್ತಿರಲಿಲ್ಲ. ಕಂಪನಿಯ ವ್ಯವಸ್ಥೆಯ ಜೀವಾಳ ಇದೇ ಎಂದು ನಾನು ತಿಳಿದಿದ್ದೇನೆ. ಕೆಲಸಕ್ಕೆ ಬಾರದ ಕಾಲದಲ್ಲೂ ನಟನನ್ನು ಇಟ್ಟುಕೊಂಡು ಸಾಕುವ ತಾಕತ್ತು ಆಮೇಲೆ ಬಂದ ಯಾವ ವ್ಯವಸ್ಥೆಗೂ ಅಷ್ಟಾಗಿ ದಕ್ಕಲಿಲ್ಲ.

ಗಾಜನೂರಿನ ಮುತ್ತುರಾಜ ಬಂದದ್ದು ಈ ಲೋಕದಿಂದ. 1929ರಲ್ಲಿ ಹುಟ್ಟಿದ ಆ ಹುಡುಗನ ಶಾಲೆ ಪ್ರಾಥಮಿಕ ತರಗತಿಗಳಲ್ಲೇ ನಿಂತುಹೋಯಿತು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರೌದ್ರಪಾತ್ರಗಳಿಗೆ ಹೆಸರಾದ ನಟರು; ಅವರ ಜೊತೆ ಜೊತೆಗೇ ಮಗನೂ ಗುಬ್ಬಿ ಕಂಪನಿಯಲ್ಲಿ ಬೆಳೆದ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನಾಗಿ, ರಾಜ್‌ಕುಮಾರ್ ಎಂಬ ಹೊಸ ಹೆಸರಿನಲ್ಲಿ ಕಾಣಿಸಿಕೊಂಡಾಗ ಅವರಿಗೆ ಇಪ್ಪತ್ತೈದು ವರ್ಷ. ಹೊಸ ನಟ ಎಂದು ಪೋಸ್ಟರು ಹೇಳಿರಬಹುದು, ಆದರೆ ಆ ಹೊತ್ತಿಗೆ ಅವರ ಬೆನ್ನ ಹಿಂದೆ ಒಂದು ಬಾಲ್ಯ ಮತ್ತು ಒಂದು ಯೌವನದಷ್ಟು ರಂಗದ ರಾತ್ರಿಗಳಿದ್ದವು. ಅವರ ಕನ್ನಡದ ಉಚ್ಚಾರಣೆಯನ್ನು ಇಂದಿಗೂ ಮಾದರಿ ಎಂದು ಹೇಳುತ್ತೇವೆ. ಅದು ಶಾಲೆಯ ಕನ್ನಡವಲ್ಲ. ಕಿವಿಯಿಂದ ಕೇಳಿ, ಬಾಯಿಂದ ಬಾಯಿಗೆ ದಾಟಿ ಬಂದ, ಒತ್ತಕ್ಷರ ನುಂಗಿದರೆ ಮೇಷ್ಟರ ಬೆತ್ತ ಬೀಳುತ್ತಿದ್ದ ಕಂಪನಿಯ ಕನ್ನಡ. 1974ರ ‘ಸಂಪತ್ತಿಗೆ ಸವಾಲ್’ನಿಂದ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದಾಗ ಅಚ್ಚರಿಪಟ್ಟವರು ಅವರ ಪೂರ್ವಾಶ್ರಮ ಮರೆತವರಷ್ಟೆ. ಹಾಡಲು ಬಾರದವನಿಗೆ ಕಂಪನಿಯಲ್ಲಿ ನಾಯಕನ ಪಾರ್ಟು ಸಿಗುವುದೇ ಕಷ್ಟವಿತ್ತು.

ಕನ್ನಡ ವಾಕ್ಚಿತ್ರದ ಮೊದಲ ಎರಡು ದಶಕಗಳನ್ನು ಕಂಪನಿಗಳ ಮುಂದುವರಿಕೆ ಎಂದೇ ಓದಬೇಕು. 1934ರ ‘ಸತಿ ಸುಲೋಚನ’ದಲ್ಲಿ ಇಂದ್ರಜಿತುವಾದ ಎಂ.ವಿ. ಸುಬ್ಬಯ್ಯ ನಾಯ್ಡು ಮತ್ತು ರಾವಣನಾದ ಆರ್. ನಾಗೇಂದ್ರರಾಯರು ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ಜೊತೆಯಾಗಿ ಕಟ್ಟಿ ನಡೆಸಿದವರು; ಚಿತ್ರೀಕರಣಕ್ಕೆಂದು ಕೊಲ್ಹಾಪುರಕ್ಕೆ ಹೋಗಿ ಮತ್ತೆ ರಂಗಕ್ಕೇ ಮರಳಿದವರು. ನರಸಿಂಹರಾಜು ಎಳವೆಯಲ್ಲೇ ಬಣ್ಣ ಹಚ್ಚಿದವರು. ಕಿವಿ ಕೇಳದ ಟಿ.ಎನ್. ಬಾಲಕೃಷ್ಣ ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು, ಆದರೂ ಅವರ ಮಾತಿನ ಓಟದಲ್ಲಿ ತಾಳ ತಪ್ಪಿದ್ದನ್ನು ನಾನು ಕಂಡಿಲ್ಲ. ಒಂದೇ ಸಂಭಾಷಣೆಯನ್ನು ನೂರಾರು ರಾತ್ರಿ ಆಡಿದ ರೂಢಿಯಿಲ್ಲದೆ ಅದು ಬರುವಂಥದಲ್ಲ. ಸಿನಿಮಾ ಮಾಡಿದ ಮಾತ್ರಕ್ಕೆ ಆ ಕಾಲದಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ ಎನ್ನುವುದಕ್ಕೂ ಈ ಗುಂಪೇ ಸಾಕ್ಷಿ. ‘ಬೇಡರ ಕಣ್ಣಪ್ಪ’ ಗೆದ್ದ ಮೇಲೂ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಇವರೆಲ್ಲ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿಕೊಂಡು ಊರೂರಿಗೆ ನಾಟಕ ಒಯ್ದರು, ಮುಂದೆ ಅದೇ ಸಂಘದ ಹೆಸರಿನಲ್ಲಿ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರ ತೆಗೆದರು. ತಾರೆಯರಾದ ಮೇಲೂ ಅವರು ಅನ್ನಕ್ಕಾಗಿ ನಂಬಿದ್ದು ರಂಗದ ಹಲಗೆಯನ್ನೇ.

ಕಂಪನಿಯನ್ನು ಹೊಗಳುವಾಗ ಅದರ ಲೆಕ್ಕದ ಇನ್ನೊಂದು ಪುಟವನ್ನೂ ತೆರೆಯಬೇಕು. ಮಕ್ಕಳ ಶಾಲೆ ತಪ್ಪಿತು. ಮಳೆ ಹಿಡಿದರೆ, ಊರಿಗೆ ಪ್ಲೇಗು ಬಂದರೆ, ಕಲೆಕ್ಷನ್ ಬಿದ್ದರೆ ಮಾಲೀಕ ಪರದೆಗಳನ್ನೇ ಒತ್ತೆ ಇಡಬೇಕಾಗುತ್ತಿತ್ತು, ನಟರ ಸಂಬಳ ಬರೇ ಬಾಯಿಮಾತಾಗುತ್ತಿತ್ತು. ಹೆಣ್ಣುಮಕ್ಕಳ ಪಾಡಂತೂ ಬೇರೆಯೇ. ಬಣ್ಣ ಹಚ್ಚಿದ ಹೆಣ್ಣನ್ನು ಮದುವೆ ಮನೆಯ ಪಂಕ್ತಿಯಲ್ಲಿ ಕೂರಿಸಲು ಹಿಂದೆಮುಂದೆ ನೋಡುತ್ತಿದ್ದ ಊರೇ ರಾತ್ರಿ ಅವಳ ಸೀತೆಗೆ ಕಣ್ಣೀರಿಡುತ್ತಿತ್ತು. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿದ್ದನ್ನು ನಾನು ಈ ಹಿನ್ನೆಲೆಯಲ್ಲಿ ನೋಡುತ್ತೇನೆ. ಎಲ್ಲ ಪಾತ್ರಗಳನ್ನೂ ಹೆಂಗಸರೇ ಮಾಡುವ ಆ ಕಂಪನಿಯಲ್ಲಿ ಕಂಸ, ರಾವಣ, ಭೀಮ ಅವರ ಪಾಲಿನವು. ಗಂಡಸರು ಸೀರೆ ಉಟ್ಟು ಹೆಣ್ಣಾದದ್ದಕ್ಕೆ ಬೆರಗಾದ ನಮ್ಮ ರಂಗಚರಿತ್ರೆ ಗದೆ ಹೊತ್ತ ಈ ಹೆಣ್ಣನ್ನು ಕುರಿತು ಬರೆದದ್ದು ಕಡಿಮೆ. ಅವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ. ಅದೇ ವರ್ಷ ಅವರು ತೀರಿಕೊಂಡರು.

ಕಂಪನಿಯ ಅನ್ನ ತಿಂದು ಬೇರೆಯೇ ದಾರಿ ಹಿಡಿದವರೂ ಇದ್ದಾರೆ. ಬಂಟ್ವಾಳದ ಕಡೆಯಿಂದ ಮನೆಬಿಟ್ಟು ಓಡಿಬಂದ ಬಾಬುಕೋಡಿ ವೆಂಕಟರಮಣ ಕಾರಂತ ಎಂಬ ಹುಡುಗ ಗುಬ್ಬಿ ಕಂಪನಿ ಸೇರಿದ. ವೀರಣ್ಣನವರೇ ಅವನನ್ನು ಮುಂದೆ ಓದಲೆಂದು ಕಾಶಿಗೆ ಕಳಿಸಿದರು. ಅಲ್ಲಿಂದ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು, ಕಡೆಗೆ 1977ರಲ್ಲಿ ಅದರ ನಿರ್ದೇಶಕರೇ ಆದರು. ನಾಟಕ ಕಂಪನಿಯೊಂದರ ಯಜಮಾನ ತನ್ನ ನಟನೊಬ್ಬನ ಎಂ.ಎ. ಓದಿಗೆ ಹಣ ಕೊಟ್ಟ ಸಂಗತಿಯನ್ನು ಇವತ್ತಿನ ಯಾವುದಾದರೂ ನಿರ್ಮಾಣ ಸಂಸ್ಥೆಯ ಜೊತೆ ಹೋಲಿಸಿ ನೋಡಬೇಕೆನಿಸುತ್ತದೆ, ಆದರೆ ಬೇಡ. ಇದೇ ಕಾರಂತರು 1975ರಲ್ಲಿ ‘ಚೋಮನ ದುಡಿ’ಗೆ ಚೋಮನನ್ನು ಹುಡುಕಿದಾಗ ಸಿಕ್ಕಿದ್ದು ಎಂ.ವಿ. ವಾಸುದೇವರಾವ್, ಅವರೂ ಚಿಕ್ಕಂದಿನಲ್ಲೇ ಗುಬ್ಬಿ ಕಂಪನಿ ಸೇರಿದವರು. ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಕನ್ನಡ ಚಿತ್ರವೊಂದಕ್ಕೆ ಬಂದದ್ದು ಅದೇ ಮೊದಲು. ಅಬ್ಬರದ ಮಾತಿಗೆ ಹೆಸರಾದ ಕಂಪನಿಯಲ್ಲಿ ಪಳಗಿದ ದೇಹ, ಆ ಚಿತ್ರದಲ್ಲಿ ಬಾಯಿಗಿಂತ ಹೆಚ್ಚಾಗಿ ಬೆನ್ನು, ಹೆಗಲು, ದುಡಿಯ ಮೇಲಿನ ಬೆರಳುಗಳಿಂದ ಮಾತಾಡಿತು. ಕಂಪನಿ ನಟನೆ ಎಂದರೆ ಬರೀ ಕೂಗಾಟ ಎಂದು ಮೂಗು ಮುರಿಯುವವರಿಗೆ ನಾನು ಆ ಚಿತ್ರವನ್ನು ತೋರಿಸುತ್ತೇನೆ.

ಎರಡನೆಯ ಬಗೆಯ ಅನ್ನ ಬಂದದ್ದು ಸಂಬಳದಿಂದ. 1963ರಲ್ಲಿ ಬೆಂಗಳೂರಿನಲ್ಲಿ ರವೀಂದ್ರ ಕಲಾಕ್ಷೇತ್ರ ತೆರೆಯಿತು. ಎಪ್ಪತ್ತರ ದಶಕದಲ್ಲಿ ನಟರಂಗ, ಬೆನಕ, ಸಮುದಾಯ ಮುಂತಾದ ತಂಡಗಳು ಹುಟ್ಟಿದವು. ಇವುಗಳ ನಟರಲ್ಲಿ ಬಹುಪಾಲು ಜನ ಬ್ಯಾಂಕು, ಕಾರ್ಖಾನೆ, ಕಾಲೇಜು, ಸರ್ಕಾರಿ ಕಚೇರಿಗಳ ನೌಕರರು. ಐದೂವರೆಗೆ ಕಚೇರಿ ಬಿಟ್ಟು, ಕಾಫಿ ಕುಡಿದು, ಯಾವುದೋ ಶಾಲೆಯ ಕೊಠಡಿಯಲ್ಲೋ ಯಾರದೋ ಮನೆಯ ತಾರಸಿಯಲ್ಲೋ ಒಂಬತ್ತರ ತನಕ ರಿಹರ್ಸಲ್ ಮಾಡಿ, ಕಡೆಯ ಬಸ್ಸು ಹಿಡಿದು ಮನೆ ಸೇರುವ ಜೀವನ. ಹವ್ಯಾಸಿ ರಂಗಭೂಮಿ ಎಂಬ ಹೆಸರಿಗೆ ತಕ್ಕಂತೆ ಇಲ್ಲಿ ನಾಟಕದಿಂದ ದುಡ್ಡು ಹುಟ್ಟುತ್ತಿರಲಿಲ್ಲ, ಹುಟ್ಟಬೇಕೆಂಬ ಹಟವೂ ಇರಲಿಲ್ಲ. ಸಂಬಳ ತಿಂಗಳ ಮೊದಲನೆಯ ತಾರೀಕು ಬರುತ್ತಿದ್ದುದರಿಂದಲೇ ಪ್ರೇಕ್ಷಕರು ಚಪ್ಪಾಳೆ ತಟ್ಟದ ನಾಟಕವನ್ನೂ ಅವರು ಆಡಬಲ್ಲವರಾದರು. ತುಘಲಕ್ ಆಗಿ ಸಿ.ಆರ್. ಸಿಂಹ ಮೆರೆದ ಆ ರಂಗಭೂಮಿಯಲ್ಲಿ ಮಾತಿನ ಅರ್ಥಕ್ಕೆ ತೂಕ ಬಂತು, ಮೌನಕ್ಕೆ ಜಾಗ ಸಿಕ್ಕಿತು. ಜೊತೆಗೆ ಒಂದು ದೌರ್ಬಲ್ಯವೂ ಬಂತೆಂದು ಹೇಳಲೇಬೇಕು: ವರ್ಷಕ್ಕೆ ಹತ್ತಿಪ್ಪತ್ತು ಪ್ರದರ್ಶನ ಮಾಡುವ ನಟನ ದೇಹ, ದಿನವೂ ರಂಗಕ್ಕೆ ಬರುವವನ ದೇಹದಷ್ಟು ಹದವಾಗುವುದು ಕಷ್ಟ.

ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ನೌಕರಿಯಲ್ಲಿದ್ದ ಚಂದ್ರು ಅವರು 1980ರಲ್ಲಿ ಕಲಾಗಂಗೋತ್ರಿ ತಂಡದ ‘ಮುಖ್ಯಮಂತ್ರಿ’ ನಾಟಕದ ಮುಖ್ಯಪಾತ್ರಕ್ಕೆ ಬದಲಿಯಾಗಿ ಬಂದು, ಆ ಪಾತ್ರವನ್ನೇ ಹೆಸರಿನ ಮುಂದೆ ಅಂಟಿಸಿಕೊಂಡರು. ಐದೇ ವರ್ಷಕ್ಕೆ ಗೌರಿಬಿದನೂರಿನಿಂದ ಶಾಸಕರೂ ಆದರು. ಚಿತ್ರದುರ್ಗದ ದತ್ತಣ್ಣನವರು ವಾಯುಸೇನೆಯಲ್ಲಿ ಎರಡು ದಶಕ ದುಡಿದು, ಎಚ್‌ಎಎಲ್‌ಗೆ ಬಂದು, ನಲವತ್ತು ದಾಟಿದ ಮೇಲೆ ಕ್ಯಾಮೆರಾ ಮುಂದೆ ನಿಂತವರು. ಅವರ ನಟನೆಯಲ್ಲಿ ಅವಸರವಿಲ್ಲದ ಒಂದು ನೆಮ್ಮದಿ ಇದೆ. ಪಾತ್ರ ಸಿಗದಿದ್ದರೆ ಮನೆ ಬಾಡಿಗೆ ಹೇಗೆ ಎಂಬ ಚಿಂತೆಯಿಲ್ಲದವರಿಗೆ ಮಾತ್ರ ಬರುವ ನೆಮ್ಮದಿ ಅದು ಎಂದು ನನಗೆ ಅನ್ನಿಸುತ್ತದೆ.

ಈ ಸಂಬಳದ ಆಸರೆ ಹೆಣ್ಣುಮಕ್ಕಳಿಗೆ ಅಷ್ಟಾಗಿ ಒದಗಲಿಲ್ಲ. ತುಮಕೂರು ಜಿಲ್ಲೆಯ ನೊಣವಿನಕೆರೆಯಿಂದ ಬಂದ ಉಮಾಶ್ರೀಯವರು ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಬೇಕಿದ್ದ ಕಾಲದಲ್ಲಿ ರಂಗದಲ್ಲಿ ‘ಒಡಲಾಳ’ದ ಸಾಕವ್ವನಾಗಿ ಜನರನ್ನು ಬೆಚ್ಚಿಬೀಳಿಸಿದರು, ಅದೇ ಹೊತ್ತಿನಲ್ಲಿ ಸಿನಿಮಾಗಳ ಹಾಸ್ಯಪಾತ್ರಗಳಲ್ಲಿ ದ್ವಂದ್ವಾರ್ಥದ ಮಾತುಗಳನ್ನೂ ಆಡಿದರು. ಆ ಹಾಸ್ಯಪಾತ್ರಗಳಿಗಾಗಿ ಅವರನ್ನು ಹಗುರವಾಗಿ ಕಂಡ ವಿಮರ್ಶಕರ ಪೈಕಿ ಅನೇಕರಿಗೆ ತಿಂಗಳ ಸಂಬಳವಿತ್ತು ಎಂಬುದನ್ನು ಇಲ್ಲಿ ನೆನೆಯದೆ ಇರಲಾರೆ. 2008ರ ‘ಗುಲಾಬಿ ಟಾಕೀಸ್’ಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಮುಂದೆ ಮಂತ್ರಿಯಾದರು, ಮಂತ್ರಿಗಿರಿ ಮುಗಿದ ಮೇಲೆ ಮತ್ತೆ ಧಾರಾವಾಹಿಯಲ್ಲಿ ತಾಯಿಯಾಗಿ ಮನೆಮನೆಗೆ ಬಂದರು.

ಮೂರನೆಯ ಆಸರೆ ಶಾಲೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿದ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಿರುಗಾಟ ತಂಡವನ್ನೂ ಆರಂಭಿಸಿತು. ಸರ್ಕಾರ 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಸ್ಥಾಪಿಸಿ ಅದನ್ನು ಕಾರಂತರ ಕೈಗಿತ್ತಿತು. ರಂಗಾಯಣದ ನಟರಿಗೆ ಸಂಬಳ ಬಂದದ್ದು ನಟನೆಗಾಗಿಯೇ. ಅಚ್ಯುತಕುಮಾರ್ ಅವರಂಥವರು ಸಣ್ಣ ಪಾತ್ರಕ್ಕೂ ಒಂದು ಊರು, ಒಂದು ಕಸುಬು, ಒಂದು ನಡಿಗೆ ಹುಡುಕಿಕೊಳ್ಳುವ ರೀತಿಯಲ್ಲಿ ಹೆಗ್ಗೋಡಿನ ಕಲಿಕೆ ಇಂದಿಗೂ ಕಾಣುತ್ತದೆ. ಆದರೆ ಶಾಲೆಯಿಂದ ಹೊರಬಿದ್ದ ಎಲ್ಲರಿಗೂ ರಂಗಾಯಣದಲ್ಲಿ ಜಾಗವಿರಲಿಲ್ಲ, ಎಲ್ಲರಿಗೂ ಸಿನಿಮಾ ಬೆನ್ನು ಹತ್ತಲಿಲ್ಲ. ಅವರಲ್ಲಿ ಅನೇಕರು ಶಾಲಾಮಕ್ಕಳಿಗೆ ನಾಟಕ ಕಲಿಸುತ್ತ, ಶಿಬಿರದಿಂದ ಶಿಬಿರಕ್ಕೆ ಓಡಾಡುತ್ತ ಬದುಕಿದ್ದಾರೆ. ಸಂಚಾರಿ ವಿಜಯ್ ಅವರ ದಾರಿ ಹವ್ಯಾಸಿಗಳದೇ. ಎಂಜಿನಿಯರಿಂಗ್ ಓದಿ, ಕಾಲೇಜಿನಲ್ಲಿ ಪಾಠ ಹೇಳಿ, ಸಂಜೆ ಸಂಚಾರಿ ತಂಡದಲ್ಲಿ ಹಾಡಿ ಕುಣಿದು, ಕಡೆಗೆ ‘ನಾನು ಅವನಲ್ಲ ಅವಳು’ ಚಿತ್ರದ ಅಭಿನಯಕ್ಕೆ 2014ರ ರಾಷ್ಟ್ರಪ್ರಶಸ್ತಿ ಪಡೆದರು. ಅಂಥ ಪ್ರಶಸ್ತಿಯ ನಂತರವೂ ಒಳ್ಳೆಯ ಪಾತ್ರಗಳು ಅವರ ಮನೆಬಾಗಿಲಿಗೆ ಸಾಲುಗಟ್ಟಲಿಲ್ಲ. 2021ರಲ್ಲಿ ರಸ್ತೆ ಅಪಘಾತದಲ್ಲಿ ಅವರು ಹೋಗಿಬಿಟ್ಟರು.

ಆಮೇಲೆ ಬಂದದ್ದು ಕಿರುತೆರೆ. ಸುಬ್ಬಯ್ಯ ನಾಯ್ಡು ಅವರ ಮನೆಯನ್ನೇ ನೋಡಿದರೆ ಈ ಬದಲಾವಣೆಯೆಲ್ಲ ಒಂದೇ ವಂಶಾವಳಿಯಲ್ಲಿ ಸಿಗುತ್ತದೆ: ಅಜ್ಜ ಕಂಪನಿ ಮಾಲೀಕ ಮತ್ತು ನಟ, ಮಗ ಲೋಕೇಶ್ ಹವ್ಯಾಸಿ ರಂಗಭೂಮಿಯಿಂದ ಬಂದು ‘ಭೂತಯ್ಯನ ಮಗ ಅಯ್ಯು’, ‘ಪರಸಂಗದ ಗೆಂಡೆತಿಮ್ಮ’ಗಳ ನಾಯಕ, ಮೊಮ್ಮಗ ಸೃಜನ್ ಟಿ.ವಿ.ಯ ನಿರೂಪಕ. ಧಾರಾವಾಹಿ ನಟನಿಗೆ ದಿನದ ಲೆಕ್ಕದಲ್ಲಿ ಹಣ ಕೊಡುತ್ತದೆ, ತಿಂಗಳಿಗೆ ಎಷ್ಟು ದಿನ ಕರೆ ಬಂದೀತೆಂಬುದು ಕಥೆಯ ‘ಟ್ರ್ಯಾಕ್’ ಮೇಲೆ ನಿಂತಿದೆ. ಒಮ್ಮೆ ಚಿತ್ರೀಕರಣದ ಮನೆಯೊಂದಕ್ಕೆ ಹೋದಾಗ ಕಂಡದ್ದು ನನಗೆ ಮರೆತಿಲ್ಲ. ಅತ್ತೆಯ ಪಾತ್ರದ ಹಿರಿಯ ನಟಿ ಬೆಳಿಗ್ಗೆಯಿಂದ ರೇಷ್ಮೆ ಸೀರೆಯಲ್ಲೇ ಕೂತಿದ್ದರು. ಆ ದಿನದ ಮಾತುಗಳು ಅವರ ಕೈಗೆ ಬಂದದ್ದು ಮಧ್ಯಾಹ್ನದ ಊಟದ ನಂತರ, ಮೂರು ಹಾಳೆ. ಕನ್ನಡಕ ಏರಿಸಿ ಒಂದು ಸಲ ಓದಿದರು, ಪಕ್ಕದವರಿಗೆ ಹಾಳೆ ಕೊಟ್ಟು ಒಂದು ಸಲ ಹೇಳಿದರು, ಲೈಟು ಸರಿಯಾಗುವಷ್ಟರಲ್ಲಿ ಒಂದೇ ಟೇಕಿಗೆ ಮುಗಿಸಿ ಬಂದು, “ಕಂಪನಿಯಲ್ಲಿದ್ದಾಗ ಇಷ್ಟೂ ಸಮಯ ಸಿಗ್ತಿರಲಿಲ್ಲ ಬಿಡಿ” ಎಂದು ನಕ್ಕರು. ಅವರ ಜೊತೆ ನಟಿಸುತ್ತಿದ್ದ ಹುಡುಗಿಗೆ ಅದೇ ದೃಶ್ಯಕ್ಕೆ ಹಿಂದಿನಿಂದ ಒಬ್ಬರು ಮಾತು ಹೇಳಿಕೊಡುತ್ತಿದ್ದರು. ಧಾರಾವಾಹಿಗೆ ನಟಿಸುವ ಅವಕಾಶವನ್ನು ಕೊಡುವ ಶಕ್ತಿಯಿದೆ. ಕಲಿಸುವ ವ್ಯವಧಾನ ಅದಕ್ಕಿಲ್ಲ. ಕಲಿತವರು ಹೊರಗೆಲ್ಲೋ ಕಲಿತು ಬಂದಿರಬೇಕು. ಯಶ್ ಅಂಥವರು ಕೂಡ ಬೆನಕ ತಂಡದ ತೆರೆಮರೆಯ ಕೆಲಸ ಮಾಡಿದ ಮೇಲೆಯೇ ಕಿರುತೆರೆಗೂ ಅಲ್ಲಿಂದ ಸಿನಿಮಾಕ್ಕೂ ದಾಟಿದ್ದು.

ಕಂಪನಿಗಳು ಪೂರ್ತಿ ಮುಗಿದಿಲ್ಲ ಎಂಬುದನ್ನು ಬೆಂಗಳೂರಿನ ನಾವು ಮರೆಯುತ್ತೇವೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಈಗಲೂ ಹಲವು ಕಂಪನಿಗಳು ಬಂದು ತಗಡಿನ ಥಿಯೇಟರು ಕಟ್ಟಿಕೊಂಡು ವಾರಗಟ್ಟಲೆ ದಿನವೂ ಆಟ ಹಾಕುತ್ತವೆ. 2020ರಲ್ಲಿ ಜಾತ್ರೆಯ ಹಂಗಾಮಿನ ನಡುವೆಯೇ ಎಲ್ಲವೂ ಮುಚ್ಚಿದಾಗ ಮೊದಲು ಬೀದಿಗೆ ಬಿದ್ದವರಲ್ಲಿ ಆ ಕಂಪನಿಗಳ ನಟನಟಿಯರೂ ಇದ್ದರು. ಸಾಕುತ್ತೇನೆಂದು ಹೇಳುವ ಯಜಮಾನನ ಬಳಿಯೇ ಆಗ ಕಾಸಿರಲಿಲ್ಲ.

ಇದೆಲ್ಲದರ ನಡುವೆ, ತಿರುಗುಮುರುಗಾದ ಲೆಕ್ಕದ ಇನ್ನೊಂದು ರಂಗಭೂಮಿ ಹಳೇ ಮೈಸೂರಿನ ಹಳ್ಳಿಗಳಲ್ಲಿದೆ. ತುಮಕೂರು, ಮಂಡ್ಯ, ರಾಮನಗರದ ಕಡೆ ಊರಿನವರು ಸೇರಿ ಕುರುಕ್ಷೇತ್ರ ನಾಟಕ ಕಲಿಯಬೇಕೆಂದರೆ ಡ್ರಾಮಾ ಮೇಷ್ಟರನ್ನು ಗೊತ್ತುಮಾಡುತ್ತಾರೆ. ಪಾತ್ರ ಬೇಕಾದವನು ಹಣ ಕಟ್ಟಬೇಕು; ದುರ್ಯೋಧನ, ಕೃಷ್ಣ, ಭೀಮರಿಗೆ ಹೆಚ್ಚು, ವಿದುರನಿಗೆ ಕಡಿಮೆ. ಸೀನರಿ, ಕಿರೀಟ, ಡ್ರೆಸ್ಸು, ಧ್ವನಿವರ್ಧಕ ಎಲ್ಲವೂ ಆ ಹಣದಲ್ಲೇ. ಬೆಂಗಳೂರಿನ ಬಿಟಿಎಸ್ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಶಿವಾಜಿರಾವ್ ಗಾಯಕವಾಡ್ ಎಂಬ ತರುಣ ಮೊದಲು ಬಣ್ಣ ಹಚ್ಚಿದ್ದೂ ಪೌರಾಣಿಕ ನಾಟಕಗಳಿಗೇ. ಕಂಡಕ್ಟರ್ ಕೆಲಸದ ಸಂಬಳ ಮತ್ತು ಗೆಳೆಯರ ನೆರವಿನಿಂದ ಮದ್ರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ, 1975ರಲ್ಲಿ ಅವನು ರಜನಿಕಾಂತ್ ಆಗಿ ತೆರೆಗೆ ಬಂದ. ಮಿಕ್ಕವರು ಊರಲ್ಲೇ ಉಳಿದರು, ಹೊಲ ಮಾರಿಯಾದರೂ ದುರ್ಯೋಧನ ಮಾಡುತ್ತೇನೆಂದವರ ಕಥೆಗಳು ಪ್ರತಿ ಊರಲ್ಲೂ ಇವೆ. ಆದರೆ ದ್ರೌಪದಿ, ಕುಂತಿ, ಉತ್ತರೆಯರು ಮಾತ್ರ ಊರಿನವರಲ್ಲ. ಅವರು ಹತ್ತಿರದ ಪಟ್ಟಣದಿಂದ ಒಂದು ರಾತ್ರಿಗೆ ಇಷ್ಟು ಎಂದು ಮಾತಾಡಿ ಕರೆಸಿದ ವೃತ್ತಿ ಕಲಾವಿದೆಯರು. ಹಾಗಾಗಿ ಒಂದೇ ರಂಗದ ಮೇಲೆ ದುರ್ಯೋಧನ ದುಡ್ಡು ಕೊಟ್ಟು ನಿಂತಿರುತ್ತಾನೆ, ದ್ರೌಪದಿ ದುಡ್ಡು ಪಡೆದು ನಿಂತಿರುತ್ತಾಳೆ. ಅವನು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಬಂದವನು. ಅವಳು ಈ ದುರ್ಯೋಧನನ ಮುಖವನ್ನು ಮೊದಲು ನೋಡುವುದೇ ಬಣ್ಣದ ಕೋಣೆಯಲ್ಲಿ. ಅವನು ಮಾತು ಮರೆತು ತಡವರಿಸಿದಾಗ ಅವಳೇ ತನ್ನ ಮಾತಿನೊಳಗೆ ಅವನ ಮಾತಿನ ತುದಿಯನ್ನು ಸೇರಿಸಿ ಎತ್ತಿಕೊಡುತ್ತಾಳೆ, ಪದ್ಯದ ಶ್ರುತಿ ತಪ್ಪಿದರೆ ಹಾರ್ಮೋನಿಯಂ ಮೇಷ್ಟರ ಕಡೆ ಒಮ್ಮೆ ನೋಡುತ್ತಾಳೆ. ಬೆಳಗಿನ ಜಾವ ನಾಟಕ ಮುಗಿದ ಮೇಲೆ ಬಾಕಿ ಹಣ ಎಣಿಸಿಕೊಂಡು, ಮಾರನೆಯ ರಾತ್ರಿ ಇನ್ನೊಂದು ಊರಿನ ಇನ್ನೊಬ್ಬ ದುರ್ಯೋಧನನ ಎದುರು ನಿಲ್ಲಲು ಮೊದಲ ಬಸ್ಸು ಹತ್ತುತ್ತಾಳೆ.